ಕಾಫಿ ಲೋಟ, ಕಿಡ್ನಿ ರಿಪೋರ್ಟು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾಫಿ, ಟೀ, ಎನರ್ಜಿ ಡ್ರಿಂಕ್‌ಗಳಿಂದ ಕಿಡ್ನಿಗೆ ತೊಂದರೆಯೇ ಎಂದು ಕೇಳಿ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರ ಬರೆದವರು ಮೂತ್ರಪಿಂಡ ವೈದ್ಯರು ಮತ್ತು ಆಹಾರ ತಜ್ಞರು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿದ್ದೇವೆ, ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 62 ವರ್ಷ. ಎದ್ದ ಕೂಡಲೇ ಒಂದು, ತಿಂಡಿ ಆದಮೇಲೆ ಒಂದು, ಹನ್ನೊಂದಕ್ಕೆ ಗಾಂಧಿ ಬಜಾರಿನಲ್ಲಿ ಸ್ನೇಹಿತರ ಜೊತೆ ಬೈಟು, ಸಂಜೆ ಎರಡು. ಶುಗರ್ ಇಲ್ಲ. ಬಿಪಿಗೆ ಒಂದು ಮಾತ್ರೆ ಇದೆ. 'ಇಷ್ಟು ಕಾಫಿ ಕುಡಿದ್ರೆ ಕಿಡ್ನಿ ಹೋಗುತ್ತೆ ಅಪ್ಪಾ' ಅಂತ ಮಗ ದಿನಾ ಗೊಣಗುತ್ತಾನೆ. ನಿಜವೇ? (ಬಸವನಗುಡಿ)

ಉತ್ತರ: ಮಗನ ಕಾಳಜಿ ಸರಿ, ಬೆರಳು ತೋರಿಸಿದ ಕಡೆ ಮಾತ್ರ ತಪ್ಪು. ಚೆನ್ನಾಗಿರುವ ಕಿಡ್ನಿಯನ್ನು ಕಾಫಿ ಕೆಡಿಸುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಅಮೆರಿಕದಲ್ಲಿ 14 ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು 24 ವರ್ಷ ಗಮನಿಸುತ್ತಾ ಬಂದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹೆಚ್ಚು ಕಾಫಿ ಕುಡಿಯುವವರಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆ ಕೊಂಚ ಕಡಿಮೆಯೇ ಕಂಡಿತ್ತು. ಹಾಗಂತ ಕಾಫಿ ಕಿಡ್ನಿಗೆ ಔಷಧ ಎಂದು ಮಗನಿಗೆ ತಿರುಗಿ ಹೇಳಬೇಡಿ. ಅದು ಜನ ಏನು ಕುಡಿಯುತ್ತಿದ್ದರು ಎಂದು ಬರೆದುಕೊಂಡ ಲೆಕ್ಕ, ಕಾಫಿ ಕೊಟ್ಟು ನೋಡಿದ ಪ್ರಯೋಗವಲ್ಲ.

ಈಗ ನಿಮ್ಮ ಲೋಟದ ಲೆಕ್ಕ ಹಾಕೋಣ. ಸ್ಟೀಲ್ ಫಿಲ್ಟರಿಗೆ ಮೂರು ದೊಡ್ಡ ಚಮಚ ತುಂಬ ಪುಡಿ ಹಾಕಿದರೆ ಸುಮಾರು 20 ಗ್ರಾಂ. 80:20 ಪುಡಿಯಾದರೆ ಅದರಲ್ಲಿ 16 ಗ್ರಾಂ ಕಾಫಿ, 4 ಗ್ರಾಂ ಚಿಕೋರಿ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಅರೇಬಿಕಾ ಬೀಜದಲ್ಲಿ ಕೆಫೀನ್ ಶೇ 1.2ರ ಆಸುಪಾಸು, ರೋಬಸ್ಟಾದಲ್ಲಿ ಶೇ 2.2ರ ಹತ್ತಿರ. ಬಿಸಿನೀರು ಅದರಲ್ಲಿ ಹೆಚ್ಚು ಪಾಲನ್ನು ಮೊದಲ ಡಿಕಾಕ್ಷನ್ನಿಗೇ ಇಳಿಸಿಬಿಡುತ್ತದೆ. ಆ ಡಿಕಾಕ್ಷನ್ನಿನಲ್ಲಿ ನಾಲ್ಕು ಲೋಟ ಕಾಫಿ ಮಾಡಿದರೆ, ಪೂರ್ತಿ ಅರೇಬಿಕಾ ಆಗಿದ್ದಲ್ಲಿ ಲೋಟಕ್ಕೆ 40 ಮಿಲಿಗ್ರಾಂ ಚಿಲ್ಲರೆ, ಪೂರ್ತಿ ರೋಬಸ್ಟಾ ಆಗಿದ್ದಲ್ಲಿ 70ರಿಂದ 80. ಅಂಗಡಿಯಲ್ಲಿ 'ಪ್ಲಾಂಟೇಶನ್' ಎಂದು ಕೊಡುವುದು ತೊಳೆದು ಸಂಸ್ಕರಿಸಿದ ಅರೇಬಿಕಾ. 'ಪೀಬೆರಿ' ಎಂದಷ್ಟೇ ಹೇಳಿದರೆ ಸಾಲದು, ಪೀಬೆರಿ ಎರಡು ಜಾತಿಯಲ್ಲೂ ಬರುತ್ತದೆ. ಯಾವುದೆಂದು ಕೇಳಿ ತೆಗೆದುಕೊಳ್ಳಿ.

ನಿಮ್ಮದು ಹೆಚ್ಚೆಂದರೆ ನಾಲ್ಕೂವರೆ ಲೋಟ. ಪುಡಿ ಯಾವುದೇ ಇರಲಿ, ದಿನಕ್ಕೆ 200ರಿಂದ 350 ಮಿಲಿಗ್ರಾಂ. ಐಸಿಎಂಆರ್‌ನ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ 300 ಮಿಲಿಗ್ರಾಂ ದಾಟಬೇಡಿ ಎನ್ನುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 70 ಕೆ.ಜಿ. ತೂಕದವರಿಗೆ 400 ಎಂದು ಲೆಕ್ಕ ಹಾಕಿದೆ, ಅಂದರೆ ಕೆ.ಜಿ.ಗೆ 5.7 ಮಿಲಿಗ್ರಾಂ. 55 ಕೆ.ಜಿ. ಆಳಿಗೆ ಅದೂ 310ರ ಹತ್ತಿರವೇ ಬಂದು ನಿಲ್ಲುತ್ತದೆ. ರೋಬಸ್ಟಾ ಪುಡಿಯಾಗಿದ್ದರೆ ಸಂಜೆಯ ಎರಡರಲ್ಲಿ ಒಂದನ್ನು ಬಿಡಿ.

ನಿಮ್ಮ ವಿಷಯದಲ್ಲಿ ನಾವು ಹಿಡಿದುಕೊಳ್ಳುವುದು ಬಿಪಿಯನ್ನು. ಬಿಪಿ ಇರುವವರಲ್ಲಿ 200ರಿಂದ 300 ಮಿಲಿಗ್ರಾಂ ಕೆಫೀನ್ ಒಟ್ಟಿಗೆ ಹೋದರೆ ಮೇಲಿನ ಅಂಕಿ ಸರಾಸರಿ 8, ಕೆಳಗಿನದು 6ರಷ್ಟು ಏರಿ, ಮೂರು ಗಂಟೆ ಹಾಗೇ ಇರಬಹುದು. ಕಿಡ್ನಿ ಕೆಡಿಸುವವರ ಪಟ್ಟಿಯಲ್ಲಿ ಶುಗರ್ ಬಿಟ್ಟರೆ ಬಿಪಿಯೇ ಮುಂದೆ. ಎಲ್ಲರಿಗೂ ಒಂದೇ ಸಮ ಏರುವುದಿಲ್ಲವಾದ್ದರಿಂದ ಮನೆಯಲ್ಲೇ ನೋಡಿಕೊಳ್ಳಿ. ಬೆಳಗ್ಗೆ ಕಾಫಿಗೆ ಮುಂಚೆ, ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂತು, ಎರಡು ಸಲ ಬಿಪಿ ನೋಡಿ ಬರೆದಿಡಿ. ಕಾಫಿ ಕುಡಿದು ಅರ್ಧ ಗಂಟೆಗೆ, ಒಂದು ಗಂಟೆಗೆ, ಎರಡು ಗಂಟೆಗೆ ಮತ್ತೆ ನೋಡಿ. ಮೂರು ದಿನ ಹೀಗೆ ಮಾಡಿ. ಪ್ರತಿ ಸಲವೂ ಮೇಲಿನ ಅಂಕಿ 5ರಿಂದ 10 ಏರುತ್ತಿದ್ದರೆ ಕಾಫಿ ನಿಮಗೆ ತಾಗುತ್ತಿದೆ ಎಂದೇ ಅರ್ಥ. ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. 2023ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, ಬಿಪಿ ಆಗಷ್ಟೇ ಶುರುವಾಗಿದ್ದ 1,180 ಯುವ ವಯಸ್ಕರನ್ನು ನೋಡಿದರು. ದಿನಕ್ಕೆ ಮೂರು ಕಪ್‌ಗಿಂತ ಹೆಚ್ಚು ಕುಡಿಯುತ್ತಿದ್ದವರ ಪೈಕಿ, ಕೆಫೀನನ್ನು ನಿಧಾನವಾಗಿ ಕರಗಿಸುವ ಜೀನ್ ಇದ್ದವರಲ್ಲಿ ಮಾತ್ರ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುವುದು ಸುಮಾರು ಎರಡೂವರೆ ಪಟ್ಟಿಗೂ ಹೆಚ್ಚು ಕಂಡಿತು. ಬೇಗ ಕರಗಿಸುವವರಲ್ಲಿ ಕಾಣಲಿಲ್ಲ. ಆ ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ. ಅದರ ಬದಲು ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಮತ್ತು ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ನೋಡಿಸಿ. ಅನುಪಾತ 30ರ ಒಳಗಿದ್ದರೆ ಗಾಂಧಿ ಬಜಾರಿನ ಬೈಟು ಮುಂದುವರಿಯಲಿ.

ಪ್ರಶ್ನೆ: ನಮ್ಮ ತಂದೆಗೆ ಕ್ರಿಯಾಟಿನಿನ್ 2.1, ಪೊಟ್ಯಾಸಿಯಂ 5.6 ಬಂದಿದೆ. ಕಾಫಿ ಪೂರ್ತಿ ಬಿಡಿಸಿದ್ದೇವೆ. ಬದಲಿಗೆ ದಿನಾ ಎಳನೀರು, ಬಾಳೆದಿಂಡಿನ ರಸ ಕೊಡುತ್ತಿದ್ದೇವೆ. ಸರಿಯಾಗಿದೆಯಾ? (ವಿಜಯನಗರ)

ಉತ್ತರ: ಎಳನೀರನ್ನೂ ದಿಂಡಿನ ರಸವನ್ನೂ ಇವತ್ತೇ ನಿಲ್ಲಿಸಿ. ಪೊಟ್ಯಾಸಿಯಂ 5.6 ಇದೆ ಎಂದು ತಿಳಿದ ಮೇಲೆ ಮುಂದಿನ ತಿಂಗಳ ಅಪಾಯಿಂಟ್‌ಮೆಂಟಿಗೆ ಕಾಯುವುದೂ ಬೇಡ. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಅಂಕಿ ಹೇಳಿ. ಅವರು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬಹುದು, ಇಸಿಜಿ ತೆಗೆಸಬಹುದು, ಬಿಪಿ ಮಾತ್ರೆಯ ಡೋಸ್ ಬದಲಿಸಬಹುದು. ಟೆಲ್ಮಿಸಾರ್ಟನ್, ಸ್ಪೈರೊನೊಲ್ಯಾಕ್ಟೋನ್ ತರಹದ ಮಾತ್ರೆಗಳು ಪೊಟ್ಯಾಸಿಯಂ ಏರಿಸುತ್ತವೆ. ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಹೇಳಿಸಿಕೊಂಡು ಮಾಡಿ. ಎದೆ ಡವಗುಟ್ಟುವುದು, ಕೈಕಾಲಿನ ಶಕ್ತಿ ಉಡುಗಿದಂತಾಗುವುದು ಕಂಡರೆ ರಾತ್ರಿಯಾದರೂ ಸರಿ, ನೇರ ತುರ್ತು ಚಿಕಿತ್ಸೆಗೆ ಹೋಗಿ.

ಒಂದು ದೊಡ್ಡ ಲೋಟ (240 ಮಿ.ಲೀ.) ಎಳನೀರಿನಲ್ಲಿ 600 ಮಿಲಿಗ್ರಾಂ ಹತ್ತಿರ ಪೊಟ್ಯಾಸಿಯಂ ಇರುತ್ತದೆ. ಕಾಯಿಲೆ ಇಲ್ಲದವರ ಕಿಡ್ನಿ ಅದನ್ನು ಸಂಜೆಯೊಳಗೆ ಹೊರಹಾಕುತ್ತದೆ. ನಿಮ್ಮ ತಂದೆಯದು ಹಾಕುವುದಿಲ್ಲ, ಅದು ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ಕೆಡಿಸುತ್ತದೆ. ಬಾಳೆದಿಂಡಿನ ರಸ ಕಲ್ಲು ಬೀಳಿಸುತ್ತದೆ ಎಂಬ ನಂಬಿಕೆಯಿಂದ ಕಿಡ್ನಿಯ ಎಲ್ಲ ಕಾಯಿಲೆಗೂ ಕುಡಿಸುವ ರೂಢಿ ನಮ್ಮಲ್ಲಿದೆ. ಕಲ್ಲು ಬೇರೆ, ಕಿಡ್ನಿ ಕ್ಷೀಣಿಸುವುದು ಬೇರೆ. ಧಾರೆಹುಳಿ (ಕಮರಾಕ್ಷಿ) ಹಣ್ಣು ಇವೆರಡಕ್ಕಿಂತ ಅಪಾಯಕಾರಿ. ಕಿಡ್ನಿ ಸೋತವರಿಗೆ ಅದರಲ್ಲಿರುವ ವಿಷ ಮೆದುಳಿಗೇರಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ತರಿಸುತ್ತದೆ.

ಕಾಫಿಗೆ ಬರೋಣ. ಕೆಫೀನನ್ನು ಕರಗಿಸುವುದು ಲಿವರ್, ಕಿಡ್ನಿಯಲ್ಲ. ಕುಡಿದದ್ದರಲ್ಲಿ ನೂರಕ್ಕೆ ಎರಡು-ಮೂರು ಪಾಲು ಮಾತ್ರ ಹಾಗೆಹಾಗೇ ಮೂತ್ರಕ್ಕೆ ಬರುತ್ತದೆ. ಹಾಗಾಗಿ ಕಿಡ್ನಿ ಸೋತವರಲ್ಲಿ ಕೆಫೀನ್ ಗುಡ್ಡೆ ಬೀಳುತ್ತದೆ ಎಂಬ ಭಯ ಬೇಡ. ನೋಡಬೇಕಾದ್ದು ಲೋಟದಲ್ಲಿರುವ ಮಿಕ್ಕದ್ದನ್ನು. 80 ಮಿ.ಲೀ. ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಪೊಟ್ಯಾಸಿಯಂ, 75 ಮಿಲಿಗ್ರಾಂ ರಂಜಕ. ಗಟ್ಟಿ ಡಿಕಾಕ್ಷನ್ನಿನಲ್ಲಿ ಇನ್ನೊಂದು 70-80 ಪೊಟ್ಯಾಸಿಯಂ. ಲೋಟಕ್ಕೆ 200 ಎಂದುಕೊಳ್ಳಿ. ದಿನಕ್ಕೆ 2,000 ಮಿಲಿಗ್ರಾಂ ಮೀರಬೇಡಿ ಎಂದು ಹೇಳಿಸಿಕೊಂಡವರು ಐದು ಲೋಟ ಕುಡಿದರೆ ಅರ್ಧ ಪಾಲು ಕಾಫಿಯಲ್ಲೇ ಮುಗಿಯಿತು, ಅನ್ನ-ಸಾರಿಗೆ ಉಳಿಯುವುದು ಮಿಕ್ಕರ್ಧ.

ಪೊಟ್ಯಾಸಿಯಂ 5ರ ಕೆಳಗೆ ಇಳಿದ ಮೇಲೆ ಡಾಕ್ಟರು ಒಪ್ಪಿದರೆ ಬೆಳಗ್ಗೆ ಒಂದು, ಸಂಜೆ ಒಂದು ಕೊಡಿ. ಲೋಟ 80-90 ಮಿ.ಲೀ.ಯದ್ದಾಗಿರಲಿ. ಹೀಗೆ ಮಾಡಿ: 15 ಮಿ.ಲೀ. ಡಿಕಾಕ್ಷನ್, 40 ಮಿ.ಲೀ. ಹಾಲು, ಉಳಿದದ್ದು ಬಿಸಿನೀರು. ರುಚಿ ಸ್ವಲ್ಪ ತೆಳ್ಳಗಾಗುತ್ತದೆ, ಒಪ್ಪುತ್ತೇವೆ. ಆದರೆ ಐವತ್ತು ವರ್ಷದ ಅಭ್ಯಾಸವನ್ನು ಒಂದೇ ದಿನ ಕಿತ್ತುಕೊಂಡು ಮನೆಯಲ್ಲಿ ಜಗಳ ಮಾಡಿಕೊಳ್ಳುವುದಕ್ಕಿಂತ ಇದು ವಾಸಿ. ಹಾಲಿನ ಬದಲು ಡೈರಿ ವೈಟ್ನರ್, ಮೂರೂ ಸೇರಿದ ಸ್ಯಾಷೆ ಕಾಫಿ ತರಬೇಡಿ. ಪ್ಯಾಕಿನ ಹಿಂದೆ ಐಎನ್‌ಎಸ್ 339, 340, 341, 450, 451, 452 ಎಂಬ ಯಾವುದಾದರೂ ಸಂಖ್ಯೆ ಕಂಡರೆ ಅದು ಫಾಸ್ಫೇಟ್, ಅಂದರೆ ಸೋತ ಕಿಡ್ನಿ ಸರಿಯಾಗಿ ಹೊರಹಾಕಲಾರದ ರಂಜಕ. ಹಾಗೆ ಸೇರಿಸಿದ ರಂಜಕವನ್ನು ದೇಹ ಬಹುಪಾಲು ಹೀರಿಕೊಳ್ಳುತ್ತದೆ. ಕಾಳುಗಳಲ್ಲಿ ಸಹಜವಾಗಿ ಇರುವ ರಂಜಕ ಅಷ್ಟಾಗಿ ಒಳಗೆ ಹೋಗುವುದಿಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಾಕುವುದೂ ಬೇಡ, ಬೆಲ್ಲದಲ್ಲಿ ಪೊಟ್ಯಾಸಿಯಂ ಇದೆ.

ಪ್ರಶ್ನೆ: ಕಾಫಿ ಕುಡಿದಷ್ಟೂ ಮೂತ್ರಕ್ಕೆ ಹೋಗಿ ಮೈಯಲ್ಲಿ ನೀರು ಕಮ್ಮಿ ಆಗುತ್ತೆ, ಆದ್ದರಿಂದ ಒಂದು ಕಾಫಿಗೆ ಎರಡು ಲೋಟ ನೀರು ಕುಡಿಯಬೇಕು ಅಂತಾರೆ. (ರಾಜಾಜಿನಗರ)

ಉತ್ತರ: ದಿನಾ ಕುಡಿಯುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ-ಎರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ಹೀರಿಕೊಳ್ಳುತ್ತವೆ. 'ಉಪ್ಪನ್ನು ಹಿಡಿದಿಟ್ಟುಕೋ' ಎಂದು ಕಿಡ್ನಿಯ ನಾಳಗಳಿಗೆ ಹೇಳುವ ಅಡೆನೊಸಿನ್‌ಗೆ ಕೆಫೀನ್ ಅಡ್ಡ ನಿಲ್ಲುತ್ತದೆ. ಸ್ವಲ್ಪ ಉಪ್ಪು ಹೊರಗೆ ಹೋಗುತ್ತದೆ, ಅದರ ಹಿಂದೆಯೇ ನೀರು. ನಾಲ್ಕೈದು ದಿನ ಸತತ ಕುಡಿದರೆ ದೇಹ ಒಗ್ಗಿಕೊಳ್ಳುತ್ತದೆ. 2014ರಲ್ಲಿ ಬ್ರಿಟನ್ನಿನಲ್ಲಿ ಕಾಫಿ ಅಭ್ಯಾಸವಿದ್ದ 50 ಗಂಡಸರಿಗೆ ಮೂರು ದಿನ ದಿನಕ್ಕೆ ನಾಲ್ಕು ಕಪ್ ಕಾಫಿ, ಇನ್ನು ಮೂರು ದಿನ ಅಷ್ಟೇ ನೀರು ಕೊಟ್ಟು ಅಳೆದರು. ಮೈಯ ನೀರಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬಾಯಾರಿದರೆ ನೀರು ಕುಡಿಯಿರಿ, ಲೋಟಕ್ಕೆ ಎರಡು ಲೋಟದ ಲೆಕ್ಕ ಬೇಡ.

ಪ್ರಶ್ನೆ: ಕಿಡ್ನಿಗೆ ಕೆಟ್ಟದ್ದು ಅಂತ ಎರಡು ವಾರದ ಹಿಂದೆ ಕಾಫಿ ಒಂದೇ ಸಲ ಬಿಟ್ಟೆ. ಮಾರನೇ ದಿನದಿಂದ ತಲೆ ಸಿಡಿಯುವ ನೋವು. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತಗೊಂಡೆ, ಐದು ದಿನದಲ್ಲಿ ಹತ್ತು ಮಾತ್ರೆ ಆಯಿತು. ನನಗೆ ಶುಗರ್, ಬಿಪಿ ಎರಡೂ ಇದೆ. (ಜಯನಗರ)

ಉತ್ತರ: ಬಂದ ಪತ್ರಗಳಲ್ಲಿ ನಮಗೆ ಹೆಚ್ಚು ಆತಂಕ ತಂದದ್ದು ನಿಮ್ಮದು. ಬಿಟ್ಟ ಕಾಫಿಗಿಂತ ನುಂಗಿದ ಹತ್ತು ಮಾತ್ರೆ ಕಿಡ್ನಿಗೆ ಭಾರ.

ಆ ಸ್ಟ್ರಿಪ್ ಇನ್ನೂ ಇದ್ದರೆ ತಿರುಗಿಸಿ ಸಣ್ಣಕ್ಷರ ಓದಿ. ಡೈಕ್ಲೊಫೆನಾಕ್, ಐಬುಪ್ರೊಫೇನ್, ಅಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಎಂದಿದ್ದರೆ ಇನ್ನು ಮುಟ್ಟಬೇಡಿ. ಕಿಡ್ನಿಯ ಸೋಸುಬುಡ್ಡೆಗೆ ರಕ್ತ ತರುವ ಸಣ್ಣ ನಾಳವನ್ನು ಅಗಲವಾಗಿ ತೆರೆದಿಡುವುದು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು. ಈ ಮಾತ್ರೆಗಳು ಅದನ್ನೇ ತಡೆಯುತ್ತವೆ, ನಾಳ ಕಿರಿದಾಗುತ್ತದೆ. ಇನ್ನೊಂದು ತುದಿಯಲ್ಲಿ, ರಕ್ತ ಹೊರಹೋಗುವ ನಾಳವನ್ನು ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಬಿಪಿ ಮಾತ್ರೆ ಸಡಿಲ ಮಾಡಿರುತ್ತದೆ. ಬರುವುದು ಕಡಿಮೆ, ಹೋಗುವುದು ಸರಾಗ. ನಡುವೆ ಸೋಸುವುದಕ್ಕೆ ಬೇಕಾದ ಒತ್ತಡವೇ ಇಲ್ಲ. ಮೇಲೆ ಮೂತ್ರ ಹೆಚ್ಚಿಸುವ ಮಾತ್ರೆ, ವಾಂತಿ-ಭೇದಿ ಸೇರಿಕೊಂಡರೆ ಎರಡು-ಮೂರು ದಿನದಲ್ಲೇ ಕ್ರಿಯಾಟಿನಿನ್ ಏರಿಬಿಡುತ್ತದೆ. ಈ ವಾರ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ನೋಡಿಸಿ.

ತಲೆನೋವಿಗೆ ಕಾರಣ ಕಿಡ್ನಿಯಲ್ಲ. ಕೆಫೀನ್ ಇದ್ದಾಗ ತಲೆಯ ರಕ್ತನಾಳಗಳು ಬಿಗಿಯಾಗಿರುತ್ತವೆ, ಸಿಗದೆ ಹೋದಾಗ ಹಿಗ್ಗುತ್ತವೆ. ಬಿಟ್ಟು 12ರಿಂದ 24 ಗಂಟೆಗೆ ನೋವು ಶುರು, ಎರಡನೇ ದಿನದ ಹೊತ್ತಿಗೆ ಜೋರು, ಕೆಲವರಿಗೆ ಒಂಬತ್ತು ದಿನದವರೆಗೆ. ಅರ್ಧ ಲೋಟ ಕಾಫಿ ಕುಡಿದಿದ್ದರೆ ಒಂದು ಗಂಟೆಯೊಳಗೆ ಇಳಿಯುತ್ತಿತ್ತು. ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಂದು, ಬೇಕಾದರೆ ಆರು ಗಂಟೆಯ ಮೇಲೆ ಇನ್ನೊಂದು. ಲಿವರ್ ತೊಂದರೆ ಅಥವಾ ಕುಡಿತ ಇದ್ದವರು ಅದನ್ನೂ ಕೇಳಿಯೇ ತೆಗೆದುಕೊಳ್ಳಬೇಕು. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನೇ ಇರುತ್ತದೆ. ಬಾಗಿಲಲ್ಲಿ ಕಳಿಸಿದ್ದನ್ನು ಕಿಟಕಿಯಲ್ಲಿ ಕರೆದುಕೊಂಡಂತೆ.

ಕಡಿಮೆ ಮಾಡಲೇಬೇಕು ಎಂದಿದ್ದರೆ ಮೂರು ವಾರ ತೆಗೆದುಕೊಳ್ಳಿ. ಮೊದಲ ವಾರ ಲೋಟಗಳ ಎಣಿಕೆ ಹಾಗೇ ಇರಲಿ, ಪುಡಿ ಮಾತ್ರ 80:20ರಿಂದ 60:40ಕ್ಕೆ ಬದಲಾಗಲಿ. ಕಾಲು ಭಾಗ ಕೆಫೀನ್ ನಿಮಗೆ ಗೊತ್ತಾಗದೆಯೇ ಇಳಿಯಿತು. ಪ್ಯಾಕಿನ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಬರೆದಿರುತ್ತದೆ. ಕಾನೂನಿನ ಪ್ರಕಾರ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ. ಎರಡನೇ ವಾರ ಮಧ್ಯಾಹ್ನದ ಕಾಫಿ ಬಿಡಿ. ಮೂರನೇ ವಾರ ಸಂಜೆಯದಕ್ಕೆ ಎರಡನೇ ಡಿಕಾಕ್ಷನ್ ಬಳಸಿ, ಅದರಲ್ಲಿ ಬಣ್ಣ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ಬೆಳಗಿನ ಲೋಟವನ್ನು ಕೊನೆಯವರೆಗೂ ಮುಟ್ಟಬೇಡಿ.

ನೀವು ಶುಗರ್ ಇದ್ದವರು ಎಂದಿದ್ದೀರಿ. ಲೋಟಕ್ಕೆ ಎರಡು ಚಮಚ ಸಕ್ಕರೆಯಾದರೆ ನಾಲ್ಕು ಲೋಟಕ್ಕೆ 40 ಗ್ರಾಂ. ಬಿಡುವುದಾದರೆ ಮೊದಲು ಅದನ್ನು ಬಿಡಿ. ಮನಸ್ಥಿತಿಯ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಿಗೂ ಇಲ್ಲೇ ಒಂದು ಮಾತು: ಕಾಫಿ ಏಕಾಏಕಿ ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ, ಡಾಕ್ಟರಿಗೆ ಹೇಳದೆ ಬಿಡಬೇಡಿ.

ಪ್ರಶ್ನೆ: ಎಡ ಕಿಡ್ನಿಯಲ್ಲಿ 5 ಮಿ.ಮೀ. ಕಲ್ಲು, ಕ್ಯಾಲ್ಸಿಯಂ ಆಕ್ಸಲೇಟ್ ಎಂದಿದ್ದಾರೆ. ಟೀ ಬಿಡಬೇಕಾ? ಬೋರ್‌ವೆಲ್ ನೀರಿನಿಂದಲೇ ಕಲ್ಲು ಬಂತು ಅಂತ ಅಕ್ಕಪಕ್ಕದವರು ಹೇಳುತ್ತಾರೆ. (ಯಲಹಂಕ)

ಉತ್ತರ: ಹಾಲು ಹಾಕಿದ ಟೀ ದಿನಕ್ಕೆ ಎರಡು ಕಪ್ ಕುಡಿಯಿರಿ, ತೊಂದರೆಯಿಲ್ಲ. ಟೀ ಎಲೆಯಲ್ಲಿ ಆಕ್ಸಲೇಟ್ ಇರುವುದು ನಿಜ. ಹಾಲಿನ ಕ್ಯಾಲ್ಸಿಯಂ ಅದನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಮಲದಲ್ಲಿ ಕಳಿಸುತ್ತದೆ. ಅಪಾಯ ಬರುವುದು ಹಾಲಿಲ್ಲದ ಕಪ್ಪು ಟೀಯನ್ನು ಲೀಟರ್‌ಗಟ್ಟಲೆ ಕುಡಿದರೆ. ಅಮೆರಿಕದ ಒಬ್ಬ ವ್ಯಕ್ತಿ ದಿನಕ್ಕೆ 16 ದೊಡ್ಡ ಲೋಟ ಐಸ್ಡ್ ಟೀ ಕುಡಿದು, ಆಕ್ಸಲೇಟ್ ಹರಳು ಕಿಡ್ನಿಯಲ್ಲಿ ತುಂಬಿ ಡಯಾಲಿಸಿಸ್ಸಿಗೆ ಬಂದ ಪ್ರಕರಣ 2015ರಲ್ಲಿ ವರದಿಯಾಗಿತ್ತು. ಕಾಫಿ ಕುಡಿಯುವವರಲ್ಲಿ ಕಲ್ಲು ಕಡಿಮೆ ಎಂದೇ ದೊಡ್ಡ ಅಧ್ಯಯನಗಳು ತೋರಿಸಿವೆ. ಸಕ್ಕರೆಯ ಕೋಲಾ ಕುಡಿಯುವವರಲ್ಲಿ ಹೆಚ್ಚು.

ಬೋರ್‌ವೆಲ್ ನೀರಿನ ಗಡಸನ್ನು ದೂರುವ ಮುಂಚೆ ಎಷ್ಟು ನೀರು ಕುಡಿಯುತ್ತೀರಿ ನೋಡಿ. ಮೂತ್ರ ದಿನಕ್ಕೆ ಎರಡೂವರೆ ಲೀಟರ್ ಬರಬೇಕು. ಒಂದು ದಿನ ರಜೆಯಲ್ಲಿ ಅಳತೆಯ ಜಗ್ಗಿನಲ್ಲಿ ಹಿಡಿದು ನೋಡಿ, ಬಹಳಷ್ಟು ಜನರಿಗೆ ಅಷ್ಟು ಬರುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಕುರುಕಲು ಕಡಿಮೆ ಮಾಡಿ. ಉಪ್ಪು ಹೆಚ್ಚಾದಷ್ಟೂ ಮೂತ್ರಕ್ಕೆ ಕ್ಯಾಲ್ಸಿಯಂ ಹೆಚ್ಚು ಬರುತ್ತದೆ. ಹಾಲು, ಮೊಸರು ಬಿಡಬೇಡಿ, ಮೇಲೆ ಹೇಳಿದ ಕಾರಣಕ್ಕೇ.

ಪ್ರಶ್ನೆ: ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೈಟ್ ಶಿಫ್ಟ್. ರಾತ್ರಿ ಮೂರು ಎನರ್ಜಿ ಡ್ರಿಂಕ್, ಮಧ್ಯೆ ಮಷಿನ್ ಕಾಫಿ. ವಯಸ್ಸು 27.

ಉತ್ತರ: ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಲ್ಲಿ ಇಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. 250 ಮಿ.ಲೀ. ಕ್ಯಾನಿಗೆ ಹೆಚ್ಚೆಂದರೆ 75. ಮೂರಕ್ಕೆ 225, ಮಷಿನ್ ಕಾಫಿ ಎರಡು ಸೇರಿದರೆ 300 ದಾಟಿತು. ದಿನಕ್ಕೆ 500 ಮಿ.ಲೀ.ಗಿಂತ ಹೆಚ್ಚು ಬೇಡ ಎಂದು ಕ್ಯಾನಿನ ಮೇಲೇ ಬರೆದಿರುತ್ತದೆ, ನೀವು 750 ಕುಡಿಯುತ್ತಿದ್ದೀರಿ. ಸಕ್ಕರೆಯದ್ದಾದರೆ ಕ್ಯಾನಿಗೆ 25 ಗ್ರಾಂ ಮೇಲೆ, ಮೂರಕ್ಕೆ ಹದಿನೈದು ಚಮಚ ಸಕ್ಕರೆ. ಪ್ರತಿ ರಾತ್ರಿ ಹೀಗೇ ನಡೆದರೆ ಮೊದಲು ತೂಕ, ಆಮೇಲೆ ಶುಗರ್, ಹತ್ತು ವರ್ಷದ ಮೇಲೆ ಕಿಡ್ನಿ. ಕೆಫೀನ್ ಅರ್ಧ ಇಳಿಯುವುದಕ್ಕೆ ಸುಮಾರು ಐದು ಗಂಟೆ ಬೇಕು. ಬೆಳಗ್ಗೆ ಏಳಕ್ಕೆ ಮಲಗುವವರು ರಾತ್ರಿ ಒಂದರ ಮೇಲೆ ಏನನ್ನೂ ಕುಡಿಯಬೇಡಿ. ಶಿಫ್ಟ್ ಶುರುವಾದಾಗ ಒಂದು ಕಾಫಿ, ಹನ್ನೆರಡೂವರೆಗೆ ಒಂದು, ಅಷ್ಟು ಸಾಕು.

ಪ್ರಶ್ನೆ: ಜಿಮ್‌ನಲ್ಲಿ ಪ್ರೀ-ವರ್ಕೌಟ್ ಪುಡಿ, ಸ್ನಾಯು ಬೆಳೆಸುವ ಕ್ರಿಯಾಟಿನ್ ಪುಡಿ ಎರಡೂ ತಗೋತೀನಿ. ಚೆಕಪ್‌ನಲ್ಲಿ ಕ್ರಿಯಾಟಿನಿನ್ 1.4 ಬಂತು. ಕಿಡ್ನಿ ಹೋಯಿತಾ? (ಎಚ್‌ಎಸ್‌ಆರ್ ಲೇಔಟ್)

ಉತ್ತರ: ಒಂದೇ ಅಂಕಿ ನೋಡಿ ಹೋಯಿತು ಎನ್ನಲಾಗದು. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಲ್ಲಿ. ಸ್ನಾಯು ಹೆಚ್ಚಿದ್ದರೆ, ಕ್ರಿಯಾಟಿನ್ ನುಂಗುತ್ತಿದ್ದರೆ, ಹಿಂದಿನ ದಿನ ಕಸರತ್ತು ಜೋರಾಗಿದ್ದರೆ, ರಾತ್ರಿ ಮಟನ್ ತಿಂದಿದ್ದರೆ ಅಂಕಿ ಏರುತ್ತದೆ, ಕಿಡ್ನಿ ಚೆನ್ನಾಗಿಯೇ ಇರುತ್ತದೆ. ಎರಡು ವಾರ ಎರಡೂ ಪುಡಿ ನಿಲ್ಲಿಸಿ. ಪರೀಕ್ಷೆಗೆ ಮುಂಚೆ ಎರಡು ದಿನ ಜಿಮ್ ಬಿಡಿ. ಆಮೇಲೆ ಕ್ರಿಯಾಟಿನಿನ್ ಜೊತೆ ಸಿಸ್ಟಾಟಿನ್-ಸಿ (ಕಿಡ್ನಿಯ ಇನ್ನೊಂದು ರಕ್ತಪರೀಕ್ಷೆ) ಮತ್ತು ಬೆಳಗಿನ ಮೊದಲ ಮೂತ್ರದ ಆಲ್ಬುಮಿನ್ ಅನುಪಾತ ಮಾಡಿಸಿ. ಸಿಸ್ಟಾಟಿನ್-ಸಿ ಸ್ನಾಯುವಿನ ಮೇಲೆ ಅಷ್ಟಾಗಿ ನಿಂತಿಲ್ಲ. ಅದೂ ಹೆಚ್ಚಿದ್ದರೆ ಮೂತ್ರಪಿಂಡ ವೈದ್ಯರನ್ನು ಕಾಣಿ.

ಪ್ರೀ-ವರ್ಕೌಟ್ ಪುಡಿಯ ಒಂದು ಸ್ಕೂಪಿನಲ್ಲಿ 150ರಿಂದ 300 ಮಿಲಿಗ್ರಾಂ ಕೆಫೀನ್ ಇರುವುದು ಸಾಮಾನ್ಯ. ಖಾಲಿ ಹೊಟ್ಟೆಯಲ್ಲಿ ಎರಡು ಸ್ಕೂಪ್ ಹಾಕಿಕೊಂಡು, ಬೆವರು ಸುರಿಸಿ, ನೀರು ಕುಡಿಯದೆ ಅತಿ ಭಾರ ಎತ್ತಿದರೆ ಸ್ನಾಯು ಒಡೆದು ಅದರ ಬಣ್ಣದ ಪ್ರೋಟೀನ್ ಕಿಡ್ನಿಯ ನಾಳಗಳಲ್ಲಿ ಕಟ್ಟಿಕೊಳ್ಳಬಹುದು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ ತೊಡೆ-ತೋಳು ಊದಿಕೊಂಡರೆ ಅದೇ ಲಕ್ಷಣ, ಆ ದಿನವೇ ಆಸ್ಪತ್ರೆ ಸೇರಬೇಕು. ಶುದ್ಧ ಕೆಫೀನ್ ಪುಡಿಯನ್ನು ಆನ್‌ಲೈನಿನಲ್ಲಿ ತರಿಸುವ ಯೋಚನೆ ಇದ್ದರೆ ಕೈಬಿಡಿ. ಒಂದು ಚಮಚದಲ್ಲಿ ಸುಮಾರು 28 ಕಪ್ ಕಾಫಿಯಷ್ಟು ಕೆಫೀನ್, ಅದರಿಂದ ಸಾವುಗಳಾಗಿವೆ.

ಪ್ರಶ್ನೆ: ಅಮ್ಮನಿಗೆ ವಾರಕ್ಕೆ ಮೂರು ಡಯಾಲಿಸಿಸ್. ನೀರು ಕಮ್ಮಿ ಕೊಡಿ ಎಂದಿದ್ದಾರೆ. ಕಾಫಿ ನೀರಿನ ಲೆಕ್ಕಕ್ಕೆ ಬರುತ್ತಾ? (ಮಲ್ಲೇಶ್ವರ)

ಉತ್ತರ: ಬರುತ್ತದೆ. ಹುಳಿ, ತಿಳಿಸಾರು, ಮಜ್ಜಿಗೆ, ಗಂಜಿ, ಐಸ್ ತುಂಡು ಎಲ್ಲವೂ ಬರುತ್ತದೆ. ಸಾಮಾನ್ಯ ಲೆಕ್ಕವೆಂದರೆ ಹಿಂದಿನ ದಿನ ಬಂದ ಮೂತ್ರದ ಪ್ರಮಾಣಕ್ಕೆ 500 ಮಿ.ಲೀ. ಸೇರಿಸಿದಷ್ಟು. ಮೂತ್ರ ಪೂರ್ತಿ ನಿಂತಿದ್ದರೆ ಅಷ್ಟೇ ಅರ್ಧ ಲೀಟರು, ಡಾಕ್ಟರು ಬೇರೆ ಅಂಕಿ ಕೊಟ್ಟಿದ್ದರೆ ಅದು. ಐದು ಕಾಫಿ ಕೊಟ್ಟರೆ ಮಾತ್ರೆ ನುಂಗುವುದಕ್ಕೂ ನೀರು ಉಳಿಯುವುದಿಲ್ಲ.

ಅಮ್ಮ ಕುಡಿಯುವ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಅಳತೆಯ ಕಪ್ಪಿಗೆ ಸುರಿದು ನೋಡಿ. 'ಸಣ್ಣ ಲೋಟ' ಎಂದುಕೊಂಡದ್ದು 180 ಮಿ.ಲೀ. ಇರುವುದುಂಟು. ಬೆಳಗ್ಗೆ ಒಂದು ಲೀಟರಿನ ಬಾಟಲಿಯಲ್ಲಿ ಆ ದಿನದ ಪಾಲಿನ ನೀರು ತುಂಬಿಡಿ. ಕಾಫಿ ಕೊಟ್ಟಾಗ, ಸಾರು ಬಡಿಸಿದಾಗ ಅಷ್ಟೇ ನೀರನ್ನು ಬಾಟಲಿಯಿಂದ ಚೆಲ್ಲಿ. ಸಂಜೆಗೆ ಎಷ್ಟು ಉಳಿದಿದೆ ಎಂದು ಅಮ್ಮನಿಗೇ ಕಣ್ಣಿಗೆ ಕಾಣುತ್ತದೆ, ನೀವು ಬೇಡ ಎನ್ನುವ ಕಷ್ಟ ತಪ್ಪುತ್ತದೆ. ಎರಡು ಡಯಾಲಿಸಿಸ್ ನಡುವೆ ಏರುವ ತೂಕ ಒಣ ತೂಕದ (ಮೈಯ ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) ಶೇ 4ರೊಳಗೆ ಇರಲಿ. 50 ಕೆ.ಜಿ.ಯವರಿಗೆ ಅದು 2 ಕೆ.ಜಿ. ಕಾಫಿಗಿಂತ ಬಾಯಾರಿಕೆ ಹೆಚ್ಚಿಸುವುದು ಉಪ್ಪು, ಅದನ್ನು ಹಿಡಿದರೆ ಅರ್ಧ ಕೆಲಸ ಮುಗಿದಂತೆ.

ಪ್ರಶ್ನೆ: ನನಗೆ 48. ಗಂಟೆಗೊಮ್ಮೆ ಮೂತ್ರ, ತಡೆಯಲಾಗುವುದಿಲ್ಲ, ಕೆಮ್ಮಿದರೆ ಸೋರುತ್ತದೆ. ಕಿಡ್ನಿ ಪರೀಕ್ಷೆ ನಾರ್ಮಲ್. (ಹೆಸರಘಟ್ಟ ರಸ್ತೆ)

ಉತ್ತರ: ಇದು ಕಿಡ್ನಿಯದ್ದಲ್ಲ, ಮೂತ್ರಕೋಶದ್ದು. ಕೆಫೀನ್ ಮೂತ್ರಕೋಶದ ಸ್ನಾಯುವನ್ನು ಕೆರಳಿಸುತ್ತದೆ. ನಾಲ್ಕು ವಾರದಲ್ಲಿ ನಿಧಾನವಾಗಿ ಇಳಿಸಿ ದಿನಕ್ಕೆ 100 ಮಿಲಿಗ್ರಾಂ ಒಳಗೆ ತನ್ನಿ, ಎಷ್ಟು ಸಲ ಹೋದಿರಿ ಎಂದು ಮೂರು ದಿನ ಬರೆದಿಡಿ. ಸೋರುವುದಕ್ಕೆ ಮೂತ್ರಕೋಶವನ್ನು ಕೆಳಗಿನಿಂದ ಹೊತ್ತು, ಮೂತ್ರ ತಡೆಹಿಡಿಯುವ ಸ್ನಾಯುಗಳ ವ್ಯಾಯಾಮವನ್ನು ಫಿಸಿಯೊಥೆರಪಿಸ್ಟ್ ಹೇಳಿಕೊಡುತ್ತಾರೆ, ಫಲ ಕಾಣಲು ಮೂರು ತಿಂಗಳು ಬೇಕು.

ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಕೊಟ್ಟಿದ್ದರೆ ಆ ಐದಾರು ದಿನ ಕಾಫಿ ಒಂದೇ ಲೋಟ ಸಾಕು. ಕೆಫೀನನ್ನು ಕರಗಿಸುವ ಲಿವರಿನ ಕಿಣ್ವವನ್ನು ಆ ಮಾತ್ರೆ ತಡೆಯುತ್ತದೆ. ಎಂದಿನಷ್ಟೇ ಕುಡಿದರೂ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು ಆಗುತ್ತದೆ. ಮಾತ್ರೆ ಒಗ್ಗಲಿಲ್ಲ ಎಂದು ಅರ್ಧಕ್ಕೇ ನಿಲ್ಲಿಸುವವರಿದ್ದಾರೆ. ಮಾತ್ರೆ ಮುಗಿಸಿ, ಕಾಫಿ ಇಳಿಸಿ.

ಪ್ರಶ್ನೆ: ಗ್ರೀನ್ ಟೀ, ಡಿಕ್ಯಾಫ್, ಕಷಾಯ: ಕಿಡ್ನಿಗೆ ಯಾವುದು ವಾಸಿ? (ಬನಶಂಕರಿ)

ಉತ್ತರ: ಗ್ರೀನ್ ಟೀಯಲ್ಲೂ ಕಪ್ಪಿಗೆ 30ರಿಂದ 45 ಮಿಲಿಗ್ರಾಂ ಕೆಫೀನ್ ಇದೆ, ಅರೇಬಿಕಾ ಕಾಫಿಯ ಲೋಟಕ್ಕೆ ಹೆಚ್ಚುಕಮ್ಮಿ ಸಮ. ಡಿಕ್ಯಾಫ್‌ನಲ್ಲಿ ಕೆಲವೇ ಮಿಲಿಗ್ರಾಂ, ಪೊಟ್ಯಾಸಿಯಂ ಮಾತ್ರ ಹಾಗೇ. ಜೀರಿಗೆ-ಧನಿಯದ ಕಷಾಯ ಒಂದು ಲೋಟಕ್ಕೆ ಅಡ್ಡಿಯಿಲ್ಲ. ಹೆಸರು ಗೊತ್ತಿಲ್ಲದ ಬೇರು-ಸೊಪ್ಪಿನ 'ಕಿಡ್ನಿ ಕಷಾಯ' ಬೇಡ.

ಪ್ರಶ್ನೆ: ಕಿಡ್ನಿ ಟೆಸ್ಟಿಗೆ ಹೋಗುವ ದಿನ ಕಾಫಿ ಕುಡಿದು ಹೋಗಬಹುದಾ? (ಕೆ.ಆರ್. ಪುರ)

ಉತ್ತರ: ಕ್ರಿಯಾಟಿನಿನ್ ಒಂದೇ ಆದರೆ ಒಂದು ಲೋಟ ಕುಡಿದರೂ ನಡೆಯುತ್ತದೆ. ಬಹಳ ಪ್ಯಾಕೇಜುಗಳಲ್ಲಿ ಖಾಲಿ ಹೊಟ್ಟೆಯ ಶುಗರ್ ಸೇರಿರುತ್ತದೆ, ಆಗ ಸಕ್ಕರೆಯಿಲ್ಲದ ಕಪ್ಪು ಕಾಫಿಯೂ ಬೇಡ. ಬಿಪಿ ನೋಡುವ ಅರ್ಧ ಗಂಟೆ ಮುಂಚೆ ಕಾಫಿ, ಸಿಗರೇಟು ಎರಡೂ ಬಿಡಿ. ಮೂತ್ರ ಎದ್ದ ಕೂಡಲೇ ಹೋಗುವ ಮೊದಲನೆಯದ್ದನ್ನು, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಅಷ್ಟು ಹೊತ್ತು ತಲೆನೋವು ತಡೆಯದವರು ಲ್ಯಾಬ್ ಬಾಗಿಲು ತೆರೆಯುವ ಹೊತ್ತಿಗೇ ಸಾಲಿನಲ್ಲಿ ಇರಲಿ, ಫ್ಲಾಸ್ಕಿನಲ್ಲಿ ಕಾಫಿ ಒಯ್ದು ರಕ್ತ ಕೊಟ್ಟ ಮೇಲೆ ಕುಡಿಯಲಿ. ಊಟದ ನಂತರದ ಶುಗರ್ ಕೂಡ ಬರೆದಿದ್ದರೆ ಕಾಫಿಯನ್ನು ತಿಂಡಿಯ ಜೊತೆಗೇ ಮುಗಿಸಿ, ಆಮೇಲಿನ ಎರಡು ಗಂಟೆ ನೀರು ಮಾತ್ರ.